ಬ್ರೇಕಿಗೆ ಕುಂಕುಮ ಹಚ್ಚಿದ ಶನಿವಾರ

ನನಗೆ ಹಾರ್ನ್ ಹೊಡೆಯಲು ನಾಚಿಕೆ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಬ್ರೇಕಿಗಾಗಿ ನಾನು ಯಾಕೆ ಅಷ್ಟು ಒದ್ದಾಡಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ದಾಂಡೇಲಿಯಲ್ಲಿ ಗಾಡಿ ಕಲಿಸುವ ಮಾಸ್ತರರು ಮೂರು ವಾರ ಬಾಯಿ ಬಡಿದುಕೊಂಡರು. "ಅಕ್ಕಾರ, ಹಾರ್ನ್ ಹೊಡೀರಿ. ಇಲ್ಲಂದ್ರ ಅವರು ಸರಿಯೂದಿಲ್ಲ." ಎದುರಿಗೆ ಸೈಕಲ್ ಮೇಲೆ ಒಬ್ಬ ಹಿರಿಯರು ಸಾವಕಾಶ ಹೊರಟಿದ್ದರು. ವಯಸ್ಸಾದವರ ಬೆನ್ನಿಗೆ ಹಾರ್ನ್ ಹೊಡೆಯುವುದೆಂದರೆ "ಏ, ಸರಿಯೋ" ಎಂದಂತಲ್ಲವೇ? ನಾನು ಬ್ರೇಕ್ ಒತ್ತಿದೆ. ಅವರು ಪೇಟೆ ಮುಟ್ಟಿ, ಸೈಕಲ್ ನಿಲ್ಲಿಸಿ, ಬೀಗ ಹಾಕುವವರೆಗೂ ಅವರ ಹಿಂದೆಯೇ ಹೋದೆ. ಮಾಸ್ತರರು ಕಡೆಗೆ ಕೈಮುಗಿದರು. "ನಿಮಗ ಹಾರ್ನ್ ಇಲ್ಲದ ಗಾಡೀನೂ ನಡೀತೇತಿರೀ. ಬ್ರೇಕ್ ಒಂದು ಛಲೋ ಇಟ್ಕೋರಿ."

ಅಂಥ ನನ್ನ ಗಾಡಿಯ ಬ್ರೇಕೇ ಕಳೆದ ಬೇಸಿಗೆ ರಜೆಯಲ್ಲಿ ಕೂಗತೊಡಗಿತು.

ಆ ಬಿಳಿ ಕಾರನ್ನು ನಿಮ್ಮ ಅಜ್ಜ ಕಾಗದದ ಮಿಲ್ಲಿನ ನೌಕರಿ ಮುಗಿಯುವ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ತಂದಿದ್ದರು. ಅವರು ಹೋದ ಮೇಲೆ ಎರಡು ವರ್ಷ ಅದು ತಾಡಪತ್ರಿ ಹೊದ್ದು ಅಂಗಳದಲ್ಲಿ ನಿಂತಿತ್ತು. ಮೂರನೆಯ ವರ್ಷ ನಾನೇ ಯಾರಿಗೂ ಹೇಳದೆ ಕ್ಲಾಸಿಗೆ ಹೆಸರು ಹಚ್ಚಿಸಿದೆ. ಲೈಸೆನ್ಸ್ ಬಂದ ದಿನ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮೂರು ಸಲ ತೆಗೆದು ನೋಡಿದೆ. ಅಲ್ಲಿಂದ ಮುಂದೆ ಪ್ರತಿ ಶನಿವಾರ ಹಳಿಯಾಳಕ್ಕೆ ಬಂದು ನಿಮ್ಮಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಾಂಡೇಲಿಗೆ ತರುವುದು, ಸೋಮವಾರ ಮುಂಜಾನೆ ಮುಟ್ಟಿಸುವುದು. ಏಳನೇ ಇಯತ್ತೆಗೆ ಹಳ್ಳಿಯ ಶಾಲೆ ಬಿಟ್ಟು, ಜೀವಮಾನವಿಡೀ ಚಕ್ಕಡಿಯಲ್ಲಿ, ಬಸ್ಸಿನಲ್ಲಿ, ಸ್ಕೂಟರಿನ ಹಿಂದೆ ಕುಳಿತೇ ತಿರುಗಿದವಳು ನಾನು. ಮುಂದೆ ಕುಳಿತು ನಿಮ್ಮನ್ನು ಕರೆದುಕೊಂಡು ಹೋಗುವ ಖುಷಿ ಎಂಥದು ಎಂದು ನಿಮ್ಮ ಅವ್ವನಿಗೂ ನಾನು ಹೇಳಿಲ್ಲ. ಹೇಳಲು ನಾಚಿಕೆ.

ಕೂಗು ಮೊದಲು ಸಣ್ಣಗಿತ್ತು, ಬೆಕ್ಕಿನ ಮರಿಯಂತೆ. ಎರಡು ವಾರದಲ್ಲಿ ಅದು ನವಿಲಾಯಿತು. ರಸ್ತೆಯ ಉಬ್ಬು ಬಂದಾಗ ಕಾಲಿಟ್ಟರೆ ಸಾಕು, "ಕ್ಯಾಂಂವ್" ಎಂದು ಊರಿಗೆಲ್ಲ ಕೇಳುವಂತೆ ಒದರುತ್ತಿತ್ತು. ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರು ಒಮ್ಮೆ ಹಾಗೆ ಒದರಿದಾಗ ನಿಂತವರೆಲ್ಲ ಒಟ್ಟಿಗೆ ತಿರುಗಿ ನೋಡಿದರು, ಮಲಗಿದ್ದ ನಾಯಿಗಳೂ ಎದ್ದವು. ನಾನು ಸೆರಗು ಹಣೆಯವರೆಗೆ ಎಳೆದುಕೊಂಡೆ. ಎಳೆದುಕೊಂಡರೆ ರಸ್ತೆ ಕಾಣುವುದಿಲ್ಲ, ಮತ್ತೆ ಬ್ರೇಕ್ ಒತ್ತಬೇಕಾಯಿತು. ಅದು ಮತ್ತೆ ಒದರಿತು.

ನಿಮ್ಮ ಅವ್ವ ಅದನ್ನು ಮನೆಯ ಬಾಗಿಲಲ್ಲೇ ಕೇಳಿದಳು. ಗುರುವಾರ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದಳು.

"ಅವ್ವಾ, ಬ್ರೇಕ್ ಹಂಗ ಒದರೂ ಗಾಡಿಯೊಳಗ ನನ್ನ ಮಕ್ಕಳನ್ನ ಕೂಡ್ರಸೂದಿಲ್ಲ. ರವಿವಾರ ನಾವೆಲ್ಲಾ ಬರ್ತೀವಿ, ಅಷ್ಟರಾಗ ಅದು ಸರಿ ಆತಂದ್ರ ನಿನ್ನ ಗಾಡಿಯೊಳಗ ಉಳವಿ ಗುಡಿಗೆ ಹೋಗೂಣು. ದಾರಿಯೊಳಗ ಒಮ್ಮಿ ಒದರಿತಂದ್ರ ಮುಗೀತು, ಮಾರಿಬಿಡೂಣು. ರಾಮನಗರದಾಗ ತೊಗೊಳ್ಳಾವ್ರು ಅದಾರ. ಇವರು ಮಾತಾಡ್ಯಾರ."

"ರಿಪೇರಿ ಮಾಡಿಸ್ತೇನಿ ಬಿಡ."

"ನೀನು? ಗ್ಯಾರೇಜಿಗೆ ಹೋಗಿ?" ಎಂದು ಅವಳು ನಕ್ಕಳು. ಅವಳ ತಪ್ಪಿಲ್ಲ. ಗ್ಯಾರೇಜಿನ ಮುಂದೆ ಹತ್ತು ಗಂಡಸರು ನಿಂತಿರುತ್ತಾರೆಂದು ಟೈರಿಗೆ ಗಾಳಿ ತುಂಬಿಸುವುದನ್ನೂ ನಾನು ಮುಂದಿನ ವಾರಕ್ಕೆ ಹಾಕುತ್ತಿದ್ದೆ.

ನನ್ನ ಪಕ್ಕದ ಮನೆಯವರು ನಿಮಗೆ ಗೊತ್ತು, ಆಪಾ. ಅವರ ಯಜಮಾನರು ಮೆಕ್ಯಾನಿಕ್. ನಾನು ಅವರಿಗೆ ಆಪಾ ಎನ್ನುತ್ತೇನೆ, ಅವರು ನನಗೆ ಅಕ್ಕಾ ಎನ್ನುತ್ತಾರೆ. ಎರಡರ ಅರ್ಥವೂ ಒಂದೇ. ನಮ್ಮಿಬ್ಬರಲ್ಲಿ ದೊಡ್ಡವರು ಯಾರು ಎಂಬುದು ಮೂವತ್ತು ವರ್ಷದಿಂದ ತೀರ್ಮಾನವಾಗಿಲ್ಲ. ನಾನು ಗೋಡೆಯ ಮೇಲಿಂದ ಸಂಕಟ ಹೇಳಿಕೊಂಡೆ.

"ಇವರು ಮುಂಡಗೋಡಿಗೆ ಲಗ್ನಕ್ಕ ಹೋಗ್ಯಾರಲ್ರೀ, ಸೋಮವಾರ ಬರೂದು," ಎಂದರು ಆಪಾ. "ನನ್ನ ಮೊಳಕಾಲು ಬಸ್ ಹತ್ತೂದಿಲ್ಲ ಅಂತ ನಾನು ಉಳಕೊಂಡೇನಿ."

"ಹಂಗಾರ ಗಾಡಿ ಹೋತು ಬಿಡ್ರಿ."

"ಯಾಕ ಹೋಗತೇತಿ? ನಾನು ಮದಿವಿ ಆಗಿ ಬಂದಾಗಿಂದ ಅವರಿಗೆ ಪಾನಾ ಎತ್ತಿ ಕೊಡಾಕ ಹತ್ತೇನಿ. ಹದಿನಾಲ್ಕರದು ಕೊಡು, ಹನ್ನೆರಡರದು ಕೊಡು ಅಂತ ಆ ಮನುಷ್ಯಾ ನನ್ನ ಕೂಡ ಆಡಿದ್ದು ಅದೊಂದ ಮಾತು. ಎಲ್ಲಾ ನೋಡೇನಿ. ಮೊಳಕಾಲು ಬಗ್ಗೂದಿಲ್ಲ, ಇಷ್ಟ. ನಾನು ಕುರ್ಚಿ ಮ್ಯಾಲೆ ಕುಂತು ಹೇಳ್ತೇನಿ, ನೀವು ಬಗ್ರಿ."

ಬ್ರೇಕಿನ ಹೊಸ ಪ್ಯಾಡುಗಳನ್ನು ಆಪಾ ತಾವೇ ಪೇಟೆಯ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ, ಗಾಡಿಯ ವರ್ಷ ಹೇಳಿ, ಆಟೋದಲ್ಲಿ ತರಿಸಿದರು. ಒಂದು ಡಬ್ಬಿಯಲ್ಲಿ ನಾಲ್ಕು, ಮುಂದಿನ ಗಾಲಿ ಒಂದಕ್ಕೆ ಎರಡೆರಡು.

ಶನಿವಾರ ಮುಂಜಾನೆ ರೊಟ್ಟಿ ಬಡಿದು ಮುಗಿಸಿ, ಸೀರೆಗೆ ಕಚ್ಚೆ ಹಾಕಿ, ಅಜ್ಜನ ಹಳೆಯ ಅಂಗಿ ತೊಟ್ಟು ನಿಂತೆ. ಆಪಾ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸೆರಗನ್ನು ಕಿವಿಗೆ ಸಿಕ್ಕಿಸಿ, ನಟ್ ಬಿಚ್ಚುವ ಪಾನಾಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹ್ಯಾಂಡ್ ಬ್ರೇಕ್ ಎಳೆಸಿದರು. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಅಡ್ಡ ಇಡಿಸಿದರು. ಗಾಲಿ ನೆಲದ ಮೇಲಿರುವಾಗಲೇ ನಟ್ ಸಡಿಲ ಮಾಡಬೇಕು, ಎತ್ತಿದ ಮೇಲೆ ಗಾಲಿಯೇ ತಿರುಗುತ್ತದೆ. ನಾನು ಪಾನಾ ಹಾಕಿ ಎಳೆದೆ. ನಟ್ ಮಿಸುಕಲಿಲ್ಲ.

"ಕೈಲೆ ಆಗೂದಿಲ್ಲ. ಹತ್ತಿ ನಿಂದರ್ರಿ."

"ಎಲ್ಲಿ?"

"ಪಾನಾದ ಮ್ಯಾಲರೀ. ಮತ್ತೆಲ್ಲಿ, ಗಾಡಿ ಮ್ಯಾಲೆ?"

ನಾನು ಗಾಡಿಯ ಮೇಲೆ ಎರಡೂ ಕೈ ಊರಿ, ಪಾನಾದ ಹಿಡಿಕೆಯ ಮೇಲೆ ಕಾಲಿಟ್ಟು ನಿಂತೆ. ಏನೂ ಆಗಲಿಲ್ಲ. ಸಣ್ಣಗೆ ಜಿಗಿದೆ. "ಟಕ್" ಎಂದು ನಟ್ ಬಿಟ್ಟಿತು, ನಾನು ಬಾಳೆಗೊನೆಯಂತೆ ಕೆಳಗೆ ಬಂದು ನಿಂತೆ. ಎಷ್ಟು ಮಜಾ ಬಂತೆಂದರೆ ಎರಡನೆಯ ನಟ್ಟಿಗೆ ಆಪಾ ಹೇಳುವ ಮೊದಲೇ ಹತ್ತಿದೆ. ನಾಲ್ಕನೆಯದು ಮುಗಿದ ಮೇಲೂ ನಾನು ಹತ್ತಲು ಹೊರಟಾಗ ಆಪಾ, "ಸಾಕು ಇಳೀರಿ, ಇನ್ನ ನಟ್ ಇಲ್ಲ," ಎಂದರು.

ಜಾಕ್ ತಿರುಗಿಸಿ ಗಾಡಿ ಎತ್ತಿದೆವು. ಬಿಚ್ಚಿದ ಗಾಲಿಯನ್ನು ಆಪಾ ಗಾಡಿಯ ಹೊಟ್ಟೆಯ ಕೆಳಗೆ ತಳ್ಳಿಸಿದರು, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರಲಿ, ನನ್ನ ಮೇಲೆ ಬೇಡ ಎಂದು.

ಗಾಲಿಯ ಒಳಗೆ ಏನಿದೆ ಎಂದು ನೀವು ನೋಡಿಲ್ಲ, ನಾನೂ ನೋಡಿರಲಿಲ್ಲ. ಊಟದ ತಾಟಿನಂಥ ಹೊಳೆಯುವ ಕಬ್ಬಿಣದ ಬಿಲ್ಲೆ ಇರುತ್ತದೆ. ಗಾಲಿ ತಿರುಗಿದರೆ ಅದೂ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಆ ಕಡೆ ಈ ಕಡೆಯಿಂದ ಅದನ್ನು ಗಟ್ಟಿಯಾಗಿ ಹಿಡಿಯುತ್ತವೆ, ಎರಡು ಅಂಗೈ ನಡುವೆ ರೊಟ್ಟಿ ಹಿಡಿದಂತೆ. ಪ್ಯಾಡುಗಳನ್ನು ಅವುಚಿಕೊಂಡಿರುವ ಕಬ್ಬಿಣದ ಮುಷ್ಟಿಗೆ ಕ್ಯಾಲಿಪರ್ ಎನ್ನುತ್ತಾರೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಆ ಮುಷ್ಟಿ ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ಏಳುತ್ತದೆ. ಇಷ್ಟೇ! ಇಷ್ಟು ದಿನ ಗಂಡಸರು ಗಾಡಿಯ ಸುತ್ತ ನಿಂತು ಗಂಭೀರವಾಗಿ ತಲೆ ಅಲ್ಲಾಡಿಸುತ್ತಿದ್ದುದು ಈ ಒಂದು ಮುಚ್ಚಳಕ್ಕೆ!

ಹಳೆಯ ಪ್ಯಾಡ್ ಹೊರಗೆ ಬಂದಿತು. ಬಿಸ್ಕೀಟಿನಷ್ಟು ದಪ್ಪ ಇರಬೇಕಾದದ್ದು ಹಪ್ಪಳವಾಗಿತ್ತು. ಅದರ ಅಂಚಿನಲ್ಲಿ ಒಂದು ಸಣ್ಣ ತಗಡಿನ ನಾಲಿಗೆ. ಪ್ಯಾಡ್ ಸವೆದಾಗ ಬಿಲ್ಲೆಗೆ ತಾಗಿ ಕೂಗಲೆಂದೇ ಅದನ್ನು ಇಟ್ಟಿರುತ್ತಾರಂತೆ.

"ಅದು ಕೆಟ್ಟಿದ್ದಿಲ್ಲರೀ ಅಕ್ಕಾ," ಎಂದರು ಆಪಾ. "ನಾನು ಸವದೇನಿ, ನನ್ನ ನೋಡ್ರಿ ಅಂತ ಹೇಳಾಕ ಹತ್ತಿತ್ತು. ಬೇಕಾದ್ದನ್ನ ಬಾಯಿಬಿಟ್ಟು ಕೇಳತೇತಿ, ನಿಮ್ಮಂಗಲ್ಲ."

ಹೊಸ ಪ್ಯಾಡ್ ದಪ್ಪ, ಅದಕ್ಕೆ ಜಾಗ ಬೇಕು. ಕ್ಯಾಲಿಪರಿನ ಒಳಗೆ ಬಟ್ಟಲಿನಂಥ ಪಿಸ್ಟನ್ ಮುಂದೆ ಚಾಚಿಕೊಂಡಿತ್ತು. ಹಳೆಯ ಪ್ಯಾಡನ್ನು ಅದಕ್ಕೆ ಅಡ್ಡ ಇಟ್ಟು, ಉದ್ದನೆಯ ಸ್ಕ್ರೂ ಡ್ರೈವರಿನಿಂದ ಹಿಂದಕ್ಕೆ ದಬ್ಬಬೇಕು. "ಸಾವಕಾಶ, ಸಾವಕಾಶ. ಕೂಸಿಗೆ ಔಷಧ ಕುಡಿಸಿದಂಗ," ಎಂದು ಆಪಾ ಹೇಳುತ್ತಿದ್ದರು. ಪಿಸ್ಟನ್ ಒಳಗೆ ಹೋಯಿತು, ಪ್ಯಾಡುಗಳು ಕುಳಿತವು, ಮುಚ್ಚಳ ಮುಚ್ಚಿತು. ಎಡಗಾಲಿ ಮುಗಿದಾಗ ಮುಖದ ತುಂಬ ಮಸಿ, ಆದರೆ ನಾನು ಹಾಡು ಗುನುಗುತ್ತಿದ್ದೆ.

ಬಲಗಾಲಿಯನ್ನೂ ಬಿಚ್ಚಿ, ಹಳೆಯ ಪ್ಯಾಡ್ ತೆಗೆದು, ಪಿಸ್ಟನ್ ದಬ್ಬಿದ್ದಾಯಿತು. ಅಷ್ಟರಲ್ಲಿ ಆಪಾ ಅವರ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. "ಈಗ ಬಂದೆ. ನೀವು ಎಡಕ್ಕ ಹಾಕಿದಂಗ ಇದಕ್ಕೂ ಹಾಕ್ರಿ," ಎಂದು ಎದ್ದು ಹೋದರು.

ಹೊಸ ಪ್ಯಾಡುಗಳೆರಡೂ ಪೇಪರಿನ ಮೇಲೆ ಬೋಳುಹಣೆಯಲ್ಲಿ ಕುಳಿತಿದ್ದವು. ನನ್ನ ಮನಸ್ಸಿಗೆ ಚುರುಕ್ ಎಂದಿತು. ನಮ್ಮ ಮನೆಯಲ್ಲಿ ಹೊಸ ಚಾಕುವನ್ನೂ ಕುಂಕುಮ ಹಚ್ಚದೆ ಬಳಸಿದವರಲ್ಲ. ದಸರೆಯ ಖಂಡೆ ಪೂಜೆಯ ದಿನ ಮಿಲ್ಲಿನಲ್ಲಿ ಎಂತೆಂಥ ಯಂತ್ರಗಳಿಗೆ ಹಚ್ಚುತ್ತಿದ್ದರು, ಅಜ್ಜ ಕೈಯೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬರುತ್ತಿದ್ದರು. ಒಣ ಕುಂಕುಮ ಕಬ್ಬಿಣಕ್ಕೆ ನಿಲ್ಲುವುದಿಲ್ಲ, ಎಣ್ಣೆಯಲ್ಲಿ ಕಲಸಬೇಕು ಎಂದು ನನಗೆ ಹೇಳಿಕೊಟ್ಟವರೂ ಅವರೇ. ಎಡಗಾಲಿಗಂತೂ ಗಡಿಬಿಡಿಯಲ್ಲಿ ತಪ್ಪಿಹೋಗಿತ್ತು. ನಾಳೆ ಮೊಮ್ಮಕ್ಕಳನ್ನು ಹೊತ್ತು ಉಳವಿಗೆ ಹೋಗುವ ಗಾಡಿ. ಇದಕ್ಕಾದರೂ ಆಗಲಿ ಎಂದು ಕೈ ತೊಳೆದು, ದೇವರ ಕೋಣೆಯಿಂದ ಕುಂಕುಮ, ಅರಿಷಿಣ ತಂದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಎರಡೂ ಪ್ಯಾಡಿಗೆ, ಬಿಲ್ಲೆಯನ್ನು ಹಿಡಿಯುವ ಮುಖದ ಮೇಲೆಯೇ, ಚೆಂದಾಗಿ ಮೂರು ಮೂರು ಬೊಟ್ಟು ಇಟ್ಟೆ. ಅದು ಸಪ್ಪಗೆ ಕಂಡಿತೆಂದು ಇನ್ನಷ್ಟು ಎಣ್ಣೆ ಸವರಿದೆ. ಕೈಮುಗಿದೆ. ಹಾಕಿ, ಮುಚ್ಚಿ, ಬೋಲ್ಟ್ ಬಿಗಿದೆ.

ಆಪಾ ಬಂದವರು ಮೊದಲು ನನ್ನ ಬೆರಳು ನೋಡಿದರು.

"ರಕ್ತ ಬಂತೇನ್ರೀ?"

"ಇಲ್ಲರೀ, ಕುಂಕುಮ."

"ಯಾರಿಗೆ ಹಚ್ಚಿದ್ರಿ?"

ನಾನು ಗಾಲಿಯ ಕಡೆ ನೋಡಿದೆ. ಆಪಾ ಬಗ್ಗದ ಮೊಳಕಾಲಿನಲ್ಲೇ ಬಗ್ಗಿ ಒಳಗೆ ಇಣುಕಿದರು. ಬಿಲ್ಲೆಯ ಅಂಚಿನಿಂದ ಒಂದು ಕೆಂಪು ಹನಿ ಸಾವಕಾಶ ಇಳಿಯುತ್ತಿತ್ತು.

"ಯಾ ಅಲ್ಲಾ! ಎಣ್ಣಿ? ಬ್ರೇಕಿಗೆ ಎಣ್ಣಿ ಹಚ್ಚೀರಿ?"

"ಪೂಜಾ ಮಾಡದ ಹೆಂಗರೀ..."

"ಅಕ್ಕಾ, ಜಗತ್ತಿನಾಗ ಎಲ್ಲಾದಕ್ಕೂ ಎಣ್ಣಿ ಹಚ್ಚಬಹುದು. ತಲಿಗೆ ಹಚ್ರಿ, ಬಾಗಲಕ್ಕ ಹಚ್ರಿ, ನನ್ನ ಮೊಳಕಾಲಿಗೆ ಹಚ್ರಿ. ಇದೊಂದಕ್ಕ ಹಚ್ಚಬಾರದು. ಹಿಡಕೊಳ್ಳೂದ ಅದರ ಕೆಲಸ! ಎಣ್ಣಿ ಹಚ್ಚಿದ್ರ ಪೈಲ್ವಾನರ ಕುಸ್ತಿ ಆಗತೇತಿ, ಜಾರೂದ ಜಾರೂದು!"

ನಾಳೆ ಅದೇ ಬ್ರೇಕಿನ ಮೇಲೆ ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಉಳವಿ ದಾರಿಯ ಜೋಯಿಡಾದ ಇಳಿಜಾರು ಇಳಿಯುವವಳಿದ್ದೆ. ಅಳು ಬರುವುದರಲ್ಲಿತ್ತು. ಆದರೆ ಆಪಾ ಕುರ್ಚಿಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡಿದ್ದರು, ಕಣ್ಣಲ್ಲಿ ನೀರು ಬರುವಷ್ಟು ನಗು, ಕುರ್ಚಿಯೂ ಅವರ ಜೊತೆ ಕುಲುಕುತ್ತಿತ್ತು. ಅದನ್ನು ನೋಡಿ ನನಗೂ ಬಂತು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಸುಮ್ಮನಾದಾಗ ಆಪಾ, "ಮೂರ ಮೂರು ಬೊಟ್ಟು ಇಟ್ಟೀರಿ!" ಎನ್ನುತ್ತಿದ್ದರು, ಮತ್ತೆ ಶುರುವಾಗುತ್ತಿತ್ತು.

ಎಣ್ಣೆ ಕುಡಿದ ಪ್ಯಾಡ್ ಒರೆಸಿದರೆ ಸರಿಯಾಗುವುದಿಲ್ಲ, ಹೊಸದೇ ಬೇಕು. ಅಂಗಡಿಗೆ ಫೋನ್ ಮಾಡಿದರೆ, ಕಳಿಸಲು ಯಾರೂ ಇಲ್ಲ, ಬಂದು ಒಯ್ಯಿರಿ ಎಂದರು. ಆಪಾ ನಡೆಯಲಾರರು. ಗಾಡಿ ಮೂರು ಗಾಲಿಯ ಮೇಲೆ ನಿಂತಿದೆ. ಮುಖ ತೊಳೆದು, ಅಂಗಿ ಬಿಚ್ಚಿಟ್ಟು, ಎಣ್ಣೆಯ ಪ್ಯಾಡನ್ನು ಗುರುತಿಗೆಂದು ಕೈಚೀಲದಲ್ಲಿ ಹಾಕಿಕೊಂಡು ನಾನೇ ಪೇಟೆಗೆ ನಡೆದೆ.

ಅಂಗಡಿಯ ಮುಂದೆ ನಾನು ಹೆದರಿದಂತೆಯೇ ಇತ್ತು. ನಾಲ್ಕೈದು ಗಂಡಸರು ಸ್ಟೂಲಿನ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದರು. ಒಮ್ಮೆ ದಾಟಿ ಮುಂದೆ ಹೋದೆ. ತಿರುಗಿ ಬಂದೆ. ಮತ್ತೆ ದಾಟಿದೆ. ಮೂರನೆಯ ಸಲ ಅಂಗಡಿಯವರೇ ಕರೆದರು. "ಏನು ಬೇಕಾಗಿತ್ರಿ ಅಕ್ಕಾರ?"

ನಾನು ಚೀಲದಿಂದ ಪ್ಯಾಡ್ ತೆಗೆದು ಕೌಂಟರಿನ ಮೇಲಿಟ್ಟೆ. ಅರಿಷಿಣ, ಕುಂಕುಮ, ಎಣ್ಣೆಯಿಂದ ಅದು ಜಾತ್ರೆಯ ದೇವರಂತೆ ಮಿರಮಿರ ಮಿಂಚುತ್ತಿತ್ತು.

ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. "ಇದು ನಿನ್ನೆ ಕಳಿಸಿದ್ದ ಅಲ್ಲೇನ್ರಿ? ಯಾವ ಎಣ್ಣಿ ಇದು?"

"ಕೊಬ್ರಿ ಎಣ್ಣಿ."

"ಯಾವ ಮೆಕ್ಯಾನಿಕ್ ಹಾಕಿದ್ದು?"

ಇಲ್ಲಿ ನಾನು ಯಾರಾದರೂ ಗಂಡಸಿನ ಹೆಸರು ಹೇಳಿ ಪಾರಾಗಬಹುದಿತ್ತು. ಬಾಯಿಂದ ಬಂದದ್ದು ಬೇರೆ. "ನಾನ ಹಾಕಿದ್ದು. ಎಡಗಡೆ ಗಾಲಿ ಬರೋಬ್ಬರಿ ಆಗೇತಿ. ಬಲಗಡೆದು ಪೂಜಾ ಆಗಿ ಕೆಟ್ಟಿತು."

ಚಹಾ ಕುಡಿಯುತ್ತಿದ್ದ ಒಬ್ಬರಿಗೆ ನೆತ್ತಿಗೇರಿತು. ಎಲ್ಲರೂ ನಕ್ಕರು. ಮಕ್ಕಳೇ, ನನಗೆ ಭೂಮಿ ಬಾಯಿಬಿಡಲಿ ಎನಿಸಬೇಕಿತ್ತು. ಎನಿಸಲಿಲ್ಲ. ಆಪಾ ಅವರ "ಮೂರ ಮೂರು ಬೊಟ್ಟು" ನೆನಪಾಗಿ ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಒಬ್ಬರು ಎದ್ದು ಸ್ಟೂಲ್ ಕೊಟ್ಟರು. ನನಗೂ ಚಹಾ ತರಿಸಿದರು. ಅಂಗಡಿಯವರು ಹೊಸ ಡಬ್ಬಿಯ ಜೊತೆ ಬಿಲ್ಲೆಯನ್ನು ತೊಳೆಯುವ ಸ್ಪ್ರೇ ಡಬ್ಬಿಯನ್ನೂ ಇಟ್ಟು, "ಎಣ್ಣಿ ಪೂರಾ ಹೋಗೂತನಾ ಒರಸ್ರಿ. ಪೂಜಾ ಮಾಡೂದಿದ್ರ ಬಾನೆಟ್ಟಿಗೆ ಮಾಡ್ರಿ," ಎಂದರು.

ಮನೆಗೆ ಬಂದು ಬಿಲ್ಲೆ, ಕ್ಯಾಲಿಪರ್ ಎರಡನ್ನೂ ಸ್ಪ್ರೇ ಹೊಡೆದು, ಬಟ್ಟೆಯಲ್ಲಿ ಕೆಂಪಿನ ಗುರುತೂ ಬಾರದ ಹಾಗೆ ಒರೆಸಿದೆ. ಹೊಸ ಪ್ಯಾಡ್ ಹಾಕಿದೆ. ಗಾಲಿ ಏರಿಸಿ, ಜಾಕ್ ಇಳಿಸಿ, ನಟ್ಟುಗಳನ್ನು ಮತ್ತೆ ಹತ್ತಿ ನಿಂತು ಬಿಗಿದೆ. ಆಪಾ ಗಾಡಿ ಚಾಲೂ ಮಾಡುವ ಮೊದಲು ಬ್ರೇಕ್ ಒತ್ತಲು ಹೇಳಿದರು. ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು.

"ಬ್ರೇಕ ಇಲ್ಲ! ಆಪಾ, ಬ್ರೇಕ ಇಲ್ಲ!"

"ಬರತೇತಿ, ಬರತೇತಿ. ಪಿಸ್ಟನ್ ಹಿಂದಕ್ಕ ದಬ್ಬೇವಲ್ಲ, ಅದು ನಡಕೊಂತ ಮುಂದ ಬರಬೇಕು. ಒತ್ತಿ ಬಿಡ್ರಿ, ಒತ್ತಿ ಬಿಡ್ರಿ."

ಒತ್ತಿದೆ, ಬಿಟ್ಟೆ. ಐದಾರು ಸಲಕ್ಕೆ ಕಾಲಿನ ಕೆಳಗೆ ಏನೋ ಗಟ್ಟಿಯಾಯಿತು, ಕಲ್ಲಿನ ಮೆಟ್ಟಿಲು ಸಿಕ್ಕಂತೆ. ಆಪಾ ಬಾನೆಟ್ ತೆಗೆಸಿ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ನೋಡಿಸಿದರು. ಆಮೇಲೆ ಇಟ್ಟಿಗೆ ತೆಗೆದು ಓಣಿಯಲ್ಲಿ ಆಮೆಯ ಹಾಗೆ ಹೊರಟು ಒತ್ತಿದೆ. ಗಾಡಿ ನಿಂತಿತು. ಸದ್ದಿಲ್ಲ. ಸ್ವಲ್ಪ ಜೋರಾಗಿ ಹೋಗಿ ಒತ್ತಿದೆ. ನಿಂತಿತು. ಸದ್ದಿಲ್ಲ.

"ಹತ್ರಿ ಆಪಾ!"

"ಎಲ್ಲಿಗೆ?"

"ಕೋಗಿಲಬನಕ್ಕ. ಹೊಳಿ ನೋಡಿ ಬರೂಣು."

"ನೋಡದ ಹೊಳಿ ಏನ್ರೀ ಅದು?" ಎನ್ನುತ್ತಲೇ ಅವರು ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ಅರವತ್ತರ ಹತ್ತಿರದ ಇಬ್ಬರು ಹೆಂಗಸರು, ಉಗುರಿನ ತುಂಬ ಮಸಿ, ದಾರಿಯ ಪ್ರತಿ ಉಬ್ಬಿಗೂ ಬ್ರೇಕ್ ಒತ್ತಿ, "ಇಲ್ಲ!" ಎಂದು ಒಟ್ಟಿಗೆ ಕೂಗುತ್ತ ಕೋಗಿಲಬನ ಮುಟ್ಟಿದೆವು. ಗಾಡಿ ಕೂಗುವುದನ್ನು ಬಿಟ್ಟಿತ್ತು, ನಾವು ಹಿಡಿದಿದ್ದೆವು. ಹೊಳೆಯ ದಂಡೆಯಲ್ಲಿ ಮಿರ್ಚಿ ಭಜಿ ತಿಂದು, ಬರುವಾಗಲೂ ಹಾಗೆಯೇ ಬಂದೆವು.

ರವಿವಾರ ನೀವು ನಾಲ್ವರೂ ಬಂದಿರಿ. "ಯಾರ ಕಡೆ ಮಾಡಿಸಿದಿ?" ಎಂದಳು ನಿಮ್ಮ ಅವ್ವ. "ಇಲ್ಲೇ..." ಎಂದು ನಾನು ರಾಗ ಎಳೆಯುವಷ್ಟರಲ್ಲಿ ಗೋಡೆಯ ಆಚೆಯಿಂದ ಆಪಾ, "ಅವರ ಮಾಡ್ಯಾರ! ಎರಡೂ ಗಾಲಿ!" ಎಂದರು. ನಿಮ್ಮ ಅವ್ವನ ಮುಖ ಬಿಳುಪೇರಿತು. ನಿಮ್ಮ ಅಪ್ಪ ಪಾನಾ ತೆಗೆದುಕೊಂಡು ಎಂಟೂ ನಟ್ಟುಗಳನ್ನು ಬಿಗಿದು ನೋಡಿದರು. "ಒಂದೂ ಕೂದಲೆಳಿ ತಿರುಗವಲ್ದಲ್ರೀ ಅತ್ತಿ," ಎಂದು ಬೆವರು ಒರೆಸಿಕೊಂಡರು. ಆದರೂ ನಿಮ್ಮ ಅವ್ವ ನಿಮ್ಮಿಬ್ಬರ ನಡುವೆ ಕುಳಿತು ನನ್ನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಬೆರಳು ನನ್ನ ಭುಜಕ್ಕೆ ಒತ್ತುತ್ತಿದ್ದವು.

ಜೋಯಿಡಾ ದಾಟಿದೆವು. ಬೆಳಗಿನ ನಾಲ್ಕಕ್ಕೇ ಎದ್ದಿದ್ದ ನೀವಿಬ್ಬರೂ ಬಾಯಿ ತೆರೆದು ಮಲಗಿದಿರಿ. ಇಳಿಜಾರಿನ ಒಂದು ತಿರುವು ತಿರುಗಿದೆ. ರಸ್ತೆಯ ನಡುವೆ ಒಂದು ಕಾಡುಕೋಣ ಅಡ್ಡ ನಿಂತಿತ್ತು, ಗೋಡೆ ಕಟ್ಟಿದ ಹಾಗೆ.

ನಾನು ಯೋಚಿಸಲಿಲ್ಲ, ಕಾಲು ತಾನೇ ಒತ್ತಿತು. ಎರಡೂ ಗಾಲಿ ಸಮನಾಗಿ ಹಿಡಿದವು. ಗಾಡಿ ಮೂಗು ಬಗ್ಗಿಸಿ, ಕೋಣದಿಂದ ಎರಡು ಮಾರು ದೂರದಲ್ಲಿ ನಿಂತಿತು. ಹಕ್ಕಿಯ ದನಿ ಕೇಳುತ್ತಿತ್ತು. ಕೋಣ ನಮ್ಮನ್ನು ನೋಡಿತು, ಉಸಿರು ಬಿಟ್ಟಿತು, ಅವಸರವಿಲ್ಲದೆ ಕಾಡಿಗೆ ಇಳಿಯತೊಡಗಿತು.

ನಿಮ್ಮ ಅವ್ವ ಮೊದಲು ಆ ಕಡೆ ನೋಡಿದಳು, ಆಮೇಲೆ ಈ ಕಡೆ. ನಿಮ್ಮ ತಲೆಗಳು ಮುಂದಕ್ಕೆ ಬಂದು, ಹಿಂದಕ್ಕೆ ಹೋಗಿ, ಅವಳ ಎರಡು ತೋಳಿಗೆ ಒರಗಿದ್ದವು. ನಿಮಗೆ ಎಚ್ಚರವೇ ಆಗಿರಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆಯಬೇಕಾಯಿತು, ನೀವು ಏನನ್ನೂ ನೋಡಿಲ್ಲ.

"ಏಳಲೇ ಇಲ್ಲ ಅವ್ವಾ," ಎಂದಳು ಅವಳು, ಪಿಸುಮಾತಿನಲ್ಲಿ. ನನ್ನ ಭುಜದ ಮೇಲಿನ ಬೆರಳು ಸಡಿಲವಾದವು. ಆಮೇಲೆ ಮಾಮೂಲಿ ದನಿಯಲ್ಲಿ, "ಬರೂ ಶನಿವಾರ ಎಷ್ಟಕ್ಕ ಬರ್ತಿ, ಇವರನ್ನ ಕರಕೊಂಡು ಹೋಗಾಕ?" ಎಂದು ಕೇಳಿದಳು.

"ಏಳಕ್ಕ," ಎಂದೆ. ನಾನು ಯಾವಾಗಲೂ ಹತ್ತಕ್ಕೆ ಬರುವವಳು. ಆದರೆ ಹತ್ತರವರೆಗೆ ಕಾಯುವುದು ನನ್ನಿಂದ ಆಗುವ ಹಾಗಿರಲಿಲ್ಲ.